ಅಣುಲೋಕಕ್ಕೆ ನಕ್ಷೆ ಬರೆದವರು

ಚಿತ್ರದುರ್ಗದ ಕೋಟೆಯನ್ನು ನೋಡಲು ಹೋದವರು ಅದರ ಹೆಬ್ಬಂಡೆಗಳಿಗೂ ಸುತ್ತುಗೋಡೆಗಳಿಗೂ ಬೆರಗಾಗುತ್ತಾರೆ. ಆದರೆ ಒನಕೆ ಓಬವ್ವನ ಕಿಂಡಿಯ ಮುಂದೆ ಬಂದಾಗ ಎಲ್ಲರೂ ಒಂದು ಗಳಿಗೆ ಮೌನವಾಗಿ ನಿಲ್ಲುತ್ತಾರೆ. ಎಂಥ ಬಲವಾದ ಕೋಟೆಗೂ ಒಂದು ಕಿಂಡಿ ಇದ್ದೇ ಇರುತ್ತದೆ. ಕೋಟೆಯ ಬಲಾಬಲಗಳು ಗೋಡೆಯ ದಪ್ಪದಲ್ಲಿ ಮಾತ್ರವಲ್ಲ, ಬಾಗಿಲು ಕಿಂಡಿಗಳಲ್ಲಿಯೂ ಅಡಗಿರುತ್ತವೆ.

ಮಾನವನ ಅತಿ ಹಳೆಯ ವೈರಿಗಳಲ್ಲಿ ಒಂದಾದ ಕ್ಷಯರೋಗದ ಬ್ಯಾಕ್ಟೀರಿಯಾ ಕೂಡ ಇಂಥದೊಂದು ಕೋಟೆಯೊಳಗೆ ಬದುಕುತ್ತದೆ. ಅದರ ಹೊರಗೋಡೆ ಮೇಣದಂಥ ವಸ್ತುವಿನಿಂದ ಆದದ್ದು. ಅನೇಕ ಔಷಧಗಳು ಆ ಗೋಡೆಯನ್ನು ದಾಟಲಾರದೆ ಹಿಂದಿರುಗುತ್ತವೆ. ಆದರೂ ಆ ಸೂಕ್ಷ್ಮಜೀವಿ ಆಹಾರವನ್ನು ಒಳಕ್ಕೆ ತಂದುಕೊಳ್ಳಬೇಕು, ಬೇಡವಾದುದನ್ನು ಹೊರಕ್ಕೆ ಹಾಕಬೇಕು. ಈ ಕೆಲಸಕ್ಕಾಗಿ ಅದರ ಪೊರೆಯಲ್ಲಿ ಸಸಾರಜನಕ, ಅಂದರೆ ಪ್ರೋಟೀನುಗಳಿಂದಾದ ಬಾಗಿಲುಗಳಿವೆ. ಆ ಬಾಗಿಲುಗಳನ್ನು ಮುಚ್ಚಿಬಿಡುವ ಔಷಧಗಳಿಗಾಗಿ ವಿಜ್ಞಾನಿಗಳು ಇಂದು ಶ್ರಮಿಸುತ್ತಿದ್ದಾರೆ. ಬೀಗಕ್ಕೆ ಒಪ್ಪುವ ಕೀಲಿಕೈ ಮಾಡಬೇಕಾದರೆ ಬೀಗದ ಒಳರಚನೆ ತಿಳಿದಿರಬೇಕಷ್ಟೆ. ಕಣ್ಣಿಗೆ ಕಾಣದ ಆ ರಚನೆಯನ್ನು ಒಬ್ಬ ವಿಜ್ಞಾನಿ ಸರಿಯಾಗಿ ಚಿತ್ರಿಸಿದ್ದಾನೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸಲು ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲಿ ಬಳಸುವ ಒರೆಗಲ್ಲೊಂದಿದೆ. ಅದರ ಹೆಸರು ರಾಮಚಂದ್ರನ್ ನಕ್ಷೆ. ಅದನ್ನು ರಚಿಸಿದವರಲ್ಲಿ ಮುಖ್ಯರು ಬೆಂಗಳೂರಿನಲ್ಲಿ ವಿಜ್ಞಾನವನ್ನು ಕಲಿತು, ಮದರಾಸಿನಲ್ಲಿ ಬೆಳಗಿ, ಮತ್ತೆ ಬೆಂಗಳೂರಿಗೆ ಬಂದು ಒಂದು ದೊಡ್ಡ ಪರಂಪರೆಯನ್ನು ನೆಟ್ಟ ಜಿ. ಎನ್. ರಾಮಚಂದ್ರನ್ ಅವರು. ಅವರು ಕ್ಷಯರೋಗದ ವೈದ್ಯರಾಗಿರಲಿಲ್ಲ. ಆ ರೋಗಕ್ಕಾಗಿ ಔಷಧವನ್ನೂ ಹುಡುಕಲಿಲ್ಲ. ಆದರೂ ಆ ಔಷಧಗಳ ದಾರಿ ಅವರ ನಕ್ಷೆಯ ಮೇಲೆಯೇ ಹಾದುಹೋಗುತ್ತದೆ.

ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ ಅವರು 1922ನೆಯ ಇಸವಿ ಅಕ್ಟೋಬರ್ 8ರಂದು, ಆಗಿನ ಕೊಚ್ಚಿ ಸಂಸ್ಥಾನಕ್ಕೆ ಸೇರಿದ್ದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅವರು ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು. ತಾಯಿ ಲಕ್ಷ್ಮಿ ಅಮ್ಮಾಳ್. ತಂದೆ ಮನೆಗೆ ತರುತ್ತಿದ್ದ ಗಣಿತದ ಸಮಸ್ಯೆಗಳನ್ನು ಬಿಡಿಸುವುದು ಬಾಲಕ ರಾಮಚಂದ್ರನ್‌ನಿಗೆ ಆಟದಷ್ಟೇ ಪ್ರಿಯವಾಗಿತ್ತು. ಆಕಾರಗಳನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡುವ ಶಕ್ತಿ ಅವರಿಗೆ ಹೀಗೆ ಎಳವೆಯಿಂದಲೇ ಮೈಗೂಡಿತು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಓದಿ, 1942ರಲ್ಲಿ ಬಿ.ಎಸ್‌ಸಿ. ಆನರ್ಸ್ ಪರೀಕ್ಷೆಯಲ್ಲಿ ಮದರಾಸು ಪ್ರಾಂತ್ಯಕ್ಕೇ ಮೊದಲಿಗರಾಗಿ ತೇರ್ಗಡೆಯಾದರು.

ಅದೇ ವರ್ಷ ಅವರು ಬೆಂಗಳೂರಿಗೆ ಬಂದರು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಇಂಜಿನಿಯರಿಂಗ್ ವಿಭಾಗವನ್ನು ಸೇರಿದರು. ಆದರೆ ಆ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ಸರ್ ಸಿ. ವಿ. ರಾಮನ್ ಅವರಿದ್ದರು. ತರುಣನ ಮನಸ್ಸು ಆ ಕಡೆಗೆ ಸೆಳೆಯಿತು. ಹುಡುಗನ ಬುದ್ಧಿಯನ್ನು ಗುರುತಿಸಿದ ರಾಮನ್ನರು ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ ತಿಳಿಸಿ ಅವರನ್ನು ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು. ಇಂಜಿನಿಯರಿಂಗಿಗೆ ಬೇಕಾದುದಕ್ಕಿಂತ ಈ ಹುಡುಗ ತುಸು ಹೆಚ್ಚೇ ಜಾಣನೆಂದು ಅವರು ವಿನೋದವಾಗಿ ಹೇಳಿದರೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ರಾಮನ್ನರ ಬಳಿ ರಾಮಚಂದ್ರನ್ ವಜ್ರ ಮೊದಲಾದ ಸ್ಫಟಿಕಗಳನ್ನು ಅಭ್ಯಾಸ ಮಾಡಿದರು. ಕ್ಷ-ಕಿರಣಗಳನ್ನು ಬಳಸುವ ವಿದ್ಯೆಯಲ್ಲಿ ಪಳಗಿದರು. 1947ರಲ್ಲಿ ಮದರಾಸು ವಿಶ್ವವಿದ್ಯಾಲಯ ಅವರಿಗೆ ಡಿ.ಎಸ್‌ಸಿ. ಪದವಿಯನ್ನು ನೀಡಿತು.

ಕ್ಷ-ಕಿರಣಗಳು ಒಂದು ಸ್ಫಟಿಕದ ಮೂಲಕ ಹಾದುಹೋಗುವಾಗ ಅದರೊಳಗಿನ ಪರಮಾಣುಗಳಿಂದ ಚದರಿ, ಛಾಯಾಫಲಕದ ಮೇಲೆ ಚುಕ್ಕೆಗಳನ್ನು ಮೂಡಿಸುತ್ತವೆ. ಆ ಚುಕ್ಕೆಗಳ ಜಾಗವನ್ನೂ ಅವುಗಳ ಕಾಂತಿಯನ್ನೂ ಅಳೆದು, ಪರಮಾಣುಗಳು ಸ್ಫಟಿಕದಲ್ಲಿ ಹೇಗೆ ಜೋಡಣೆಗೊಂಡಿವೆ ಎಂಬುದನ್ನು ಲೆಕ್ಕ ಹಾಕಬಹುದು. ಅಂಗಳದಲ್ಲಿಟ್ಟ ಚುಕ್ಕೆಗಳನ್ನು ಮಾತ್ರ ನೋಡಿ ರಂಗೋಲಿ ಯಾವುದೆಂದು ಊಹಿಸುವಂಥ ಕೆಲಸ ಇದು. ಇದಕ್ಕೆ ಗಣಿತವೂ ಬೇಕು, ಕಲ್ಪನೆಯೂ ಬೇಕು. ರಾಮಚಂದ್ರನ್ ಅವರಲ್ಲಿ ಇವೆರಡೂ ಸಮನಾಗಿ ಕೂಡಿದ್ದವು. 1947ರಿಂದ 1949ರ ವರೆಗೆ ಅವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿ ಪಿಎಚ್.ಡಿ. ಪದವಿ ಪಡೆದರು. ಅಲ್ಲಿ ಪ್ರಸಿದ್ಧ ರಸಾಯನ ವಿಜ್ಞಾನಿ ಲೀನಸ್ ಪೌಲಿಂಗ್ ಅವರ ಉಪನ್ಯಾಸಗಳನ್ನು ಕೇಳುವ ಅವಕಾಶ ದೊರೆಯಿತು. ಜೀವವಸ್ತುವಿನ ಅಣುಗಳಿಗೂ ಸ್ಫಟಿಕಗಳಂತೆ ಖಚಿತವಾದ ರೂಪವಿದೆ ಎಂಬ ವಿಚಾರ ಅವರ ಮನಸ್ಸಿನಲ್ಲಿ ಬೇರೂರಿತು.

ಸ್ವದೇಶಕ್ಕೆ ಮರಳಿ ಬೆಂಗಳೂರಿನಲ್ಲಿ ಕೆಲವು ಕಾಲ ಅಧ್ಯಾಪಕರಾಗಿದ್ದ ರಾಮಚಂದ್ರನ್, 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಆ ಪದವಿಗೆ ಅವರನ್ನು ಸೂಚಿಸಿದವರು ಗುರುಗಳಾದ ರಾಮನ್ನರೇ. ಆಗ ಅವರು ಮೂವತ್ತರ ಹೊಸ್ತಿಲಲ್ಲಿದ್ದರು. ವಿಭಾಗವೂ ಹೊಸದು, ಸಲಕರಣೆಗಳೂ ಅಲ್ಪ. ಆ ದಿನಗಳಲ್ಲಿ ಮದರಾಸಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರು ಮಾತಿನ ನಡುವೆ, ಕೊಲ್ಯಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಬಿಡಿಸಲಾಗದ ಒಗಟಾಗಿಯೇ ಉಳಿದಿದೆ ಎಂದು ತಿಳಿಸಿದರು. ನಮ್ಮ ಚರ್ಮ, ಮೂಳೆ, ಸ್ನಾಯುಗಳನ್ನು ಬಿಗಿಯುವ ನಾರುಗಳು ಇವೆಲ್ಲಕ್ಕೂ ಬಲ ಕೊಡುವ ವಸ್ತು ಈ ಕೊಲ್ಯಾಜೆನ್. ರಾಮಚಂದ್ರನ್ ಆ ಒಗಟನ್ನು ಕೈಗೆತ್ತಿಕೊಂಡರು. ಮದರಾಸಿನಲ್ಲಿಯೇ ಕೇಂದ್ರೀಯ ಚರ್ಮ ಸಂಶೋಧನ ಸಂಸ್ಥೆ ಇದ್ದುದು ಅನುಕೂಲವಾಯಿತು. ಕಾಂಗರೂವಿನ ಬಾಲದ ನಾರು ಅವರಿಗೆ ಒಳ್ಳೆಯ ಕ್ಷ-ಕಿರಣ ಚಿತ್ರವನ್ನು ಕೊಟ್ಟಿತು.

ತಮ್ಮ ಸಹೋದ್ಯೋಗಿ ಗೋಪೀನಾಥ ಕರ್ತಾ ಅವರೊಡನೆ ದುಡಿದು, 1954ರಲ್ಲಿ ಅವರು ಉತ್ತರವನ್ನು ಪ್ರಕಟಿಸಿದರು. ಕೊಲ್ಯಾಜೆನ್ನಿನಲ್ಲಿ ಮೂರು ಸರಪಳಿಗಳು ಒಟ್ಟಾಗಿ ನಿಂತಿವೆ ಎಂಬುದು ಅವರ ನಿರ್ಣಯ. ಮರುವರ್ಷ ಅದನ್ನು ತಿದ್ದಿ, ಆ ಮೂರು ಎಳೆಗಳು ಹುರಿಗೊಳಿಸಿದ ಹಗ್ಗದಂತೆ ಒಂದರ ಸುತ್ತ ಒಂದು ಸುತ್ತಿಕೊಂಡಿವೆ ಎಂದು ತೋರಿಸಿದರು. ಬಡ ದೇಶದ ಒಂದು ಪುಟ್ಟ ಪ್ರಯೋಗಾಲಯದಿಂದ ಹೊರಟ ಈ ವಿಚಾರವನ್ನು ವಿಜ್ಞಾನಲೋಕ ಕುತೂಹಲದಿಂದ ನೋಡಿತು.

ಆದರೆ ಆ ಸಂತೋಷ ಬಹುಕಾಲ ನಿಲ್ಲಲಿಲ್ಲ. 1955ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮದೇ ಆದ ಇನ್ನೊಂದು ರಚನೆಯನ್ನು ಮುಂದಿಟ್ಟರು. ಮೂರು ಎಳೆಗಳ ಮಾತನ್ನು ಅವರು ಒಪ್ಪಿದರು. ಆದರೆ ಮದರಾಸಿನ ರಚನೆಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಅತಿ ಸಮೀಪದಲ್ಲಿವೆ, ಪ್ರಕೃತಿಯಲ್ಲಿ ಅಷ್ಟು ಇಕ್ಕಟ್ಟಾದ ಜೋಡಣೆ ಸಾಧ್ಯವಿಲ್ಲ ಎಂದು ಟೀಕಿಸಿದರು. ಕ್ರಿಕ್ ಆಗ ಸಾಮಾನ್ಯರಲ್ಲ, ಡಿ.ಎನ್.ಎ. ಅಣುವಿನ ರಚನೆಯನ್ನು ಕಂಡುಹಿಡಿದು ಎರಡು ವರ್ಷಗಳಾಗಿತ್ತಷ್ಟೆ. ಅಂಥವರ ಮಾತು ವಿಜ್ಞಾನಲೋಕದಲ್ಲಿ ತೂಕದ್ದಾಗಿತ್ತು. ವರ್ಷಗಳ ದುಡಿಮೆಯ ಮೇಲೆ ಬಿದ್ದ ಈ ಟೀಕೆಯಿಂದ ರಾಮಚಂದ್ರನ್ ಅವರ ಮನಸ್ಸು ನೊಂದಿತು.

ಇಂಥ ಸಂದರ್ಭದಲ್ಲಿ ಮನುಷ್ಯನ ಮುಂದೆ ಎರಡು ದಾರಿಗಳಿರುತ್ತವೆ. ಸೋಲನ್ನು ಒಪ್ಪಿ ಸುಮ್ಮನಾಗುವುದು ಒಂದು. ಸಿಟ್ಟಿನಿಂದ ವಾದಕ್ಕೆ ಇಳಿಯುವುದು ಇನ್ನೊಂದು. ರಾಮಚಂದ್ರನ್ ಮೂರನೆಯ ದಾರಿಯನ್ನು ಹಿಡಿದರು. ಪರಮಾಣುಗಳು ಅತಿ ಸಮೀಪದಲ್ಲಿವೆ ಎಂಬ ಆಕ್ಷೇಪವನ್ನೇ ಅವರು ಒಂದು ಪ್ರಶ್ನೆಯನ್ನಾಗಿ ಮಾಡಿಕೊಂಡರು. ಎಷ್ಟು ಸಮೀಪವಾದರೆ ಅತಿ ಸಮೀಪ? ಈ ಅಳತೆಯನ್ನು ನಿಜವಾಗಿ ತೂಗಿ ನೋಡಿದವರು ಯಾರು? ಅದುವರೆಗೆ ಬೇರೆ ಬೇರೆ ವಿಜ್ಞಾನಿಗಳು ಪ್ರಕಟಿಸಿದ್ದ ಸ್ಫಟಿಕ ರಚನೆಗಳನ್ನೆಲ್ಲ ಕಲೆಹಾಕಿ, ಅವುಗಳಲ್ಲಿ ಪರಸ್ಪರ ಬಂಧನವಿಲ್ಲದ ಪರಮಾಣುಗಳು ಎಷ್ಟು ದೂರದಲ್ಲಿ ನಿಂತಿವೆ ಎಂಬುದನ್ನು ಅವರು ಮತ್ತು ಅವರ ಶಿಷ್ಯರು ತಾಳ್ಮೆಯಿಂದ ಪಟ್ಟಿ ಮಾಡಿದರು. ಜನರು ಎಣಿಸಿದ್ದಕ್ಕಿಂತ ಹೆಚ್ಚು ಸಮೀಪಕ್ಕೆ ಪರಮಾಣುಗಳು ಬರಬಲ್ಲವೆಂದು ಆ ಪಟ್ಟಿ ತೋರಿಸಿತು. ಕೊಲ್ಯಾಜೆನ್ನಿನ ಮೂರೆಳೆಯ ಹುರಿ ಇಂದು ಎಲ್ಲರೂ ಒಪ್ಪಿದ ಸತ್ಯ. ಅದರ ಬಂಧನಗಳ ವಿವರದಲ್ಲಿ ರಿಚ್ ಮತ್ತು ಕ್ರಿಕ್ ಮಾಡಿದ ತಿದ್ದುಪಡಿಯೂ ನಿಂತಿದೆ. ಸತ್ಯ ಒಬ್ಬರ ಸೊತ್ತಾಗಲಿಲ್ಲ, ಇಬ್ಬರ ಶ್ರಮದಿಂದಲೂ ಬೆಳೆಯಿತು.

ಆ ಪಟ್ಟಿಯಿಂದ ಹುಟ್ಟಿದ ಫಲ ಮೂಲ ವಿವಾದಕ್ಕಿಂತ ಬಹಳ ದೊಡ್ಡದಾಯಿತು. ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳನ್ನು ಪೋಣಿಸಿದ ಒಂದು ಉದ್ದನೆಯ ಸರ. ಈ ಸರದ ಪ್ರತಿಯೊಂದು ಮಣಿಯ ಬಳಿಯೂ ತಿರುಗಬಲ್ಲ ಎರಡು ಕೀಲುಗಳಿವೆ. ಆ ಕೀಲುಗಳು ಎಷ್ಟೆಷ್ಟು ತಿರುಗಿವೆ ಎಂಬುದು ತಿಳಿದರೆ ಇಡೀ ಸರ ಹೇಗೆ ಮಡಿಚಿಕೊಂಡಿದೆ ಎಂಬುದು ತಿಳಿದಂತೆಯೇ. ಆದರೆ ಕೀಲುಗಳು ಮನಬಂದಂತೆ ತಿರುಗಲಾರವು. ನಮ್ಮ ಮೊಣಕೈ ಒಂದು ದಿಕ್ಕಿಗೆ ಮಾತ್ರ ಮಡಚುವಂತೆ, ಈ ಕೀಲುಗಳಿಗೂ ಕಟ್ಟುಪಾಡುಗಳಿವೆ; ಮೀರಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ರಾಮಚಂದ್ರನ್ ಅವರು ತಮ್ಮ ಶಿಷ್ಯರಾದ ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಅವರೊಡನೆ ಸೇರಿ ಈ ಎಲ್ಲ ಸಾಧ್ಯತೆಗಳನ್ನೂ ಲೆಕ್ಕ ಹಾಕಿದರು. ಒಂದು ಚೌಕದಲ್ಲಿ ಅಡ್ಡಲಾಗಿ ಮೊದಲ ಕೀಲಿನ ಕೋನವನ್ನೂ, ಲಂಬವಾಗಿ ಎರಡನೆಯ ಕೀಲಿನ ಕೋನವನ್ನೂ ಗುರುತಿಸಿದರು. ಎರಡೂ ಕೋನಗಳು -180 ಡಿಗ್ರಿಯಿಂದ 180 ಡಿಗ್ರಿಯವರೆಗೆ. ಆ ಚೌಕದ ಬಹುಭಾಗ ನಿಷಿದ್ಧ ಪ್ರದೇಶವೆಂದೂ, ಕೆಲವು ಸಣ್ಣ ಭಾಗಗಳಲ್ಲಿ ಮಾತ್ರ ಪ್ರೋಟೀನಿನ ಕೀಲುಗಳಿಗೆ ಪ್ರವೇಶವುಂಟೆಂದೂ ತಿಳಿದುಬಂದಿತು. ಭೂಪಟದಲ್ಲಿ ವಿಶಾಲವಾದ ಕಡಲಿನ ನಡುವೆ ದ್ವೀಪಗಳಿರುವಂತೆ ಅವು ಕಾಣುತ್ತವೆ. ಒಂದು ದ್ವೀಪದಲ್ಲಿ ಸರವು ಸುರುಳಿಯಾಗುತ್ತದೆ, ಇನ್ನೊಂದರಲ್ಲಿ ಹಾಳೆಯಂತೆ ಚಾಚುತ್ತದೆ. ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲಕ್ಕೆ ಮಾತ್ರ ಪಕ್ಕದ ಕವಲು ಇಲ್ಲದ ಕಾರಣ ಹೆಚ್ಚು ಸ್ವಾತಂತ್ರ್ಯವಿದೆ. 1963ರಲ್ಲಿ ಪ್ರಕಟವಾದ ಈ ಲೇಖನವೇ ರಾಮಚಂದ್ರನ್ ನಕ್ಷೆಯ ಮೂಲ. ಆಗ ರಚನೆ ತಿಳಿದಿದ್ದ ಪ್ರೋಟೀನುಗಳು ಬೆರಳೆಣಿಕೆಯಷ್ಟು. ಮುಂದೆ ಸಾವಿರಾರು ರಚನೆಗಳು ಬೆಳಕಿಗೆ ಬಂದರೂ, ಅವುಗಳ ಮಣಿಗಳಲ್ಲಿ ಬಹುಪಾಲು ಆ ದ್ವೀಪಗಳಲ್ಲಿಯೇ ಬಂದು ನೆಲೆಸಿದವು.

ರಾಮಚಂದ್ರನ್ ಅವರ ಗಣಿತಬುದ್ಧಿ ಇನ್ನೊಂದು ದಿಕ್ಕಿನಲ್ಲಿಯೂ ಫಲ ಕೊಟ್ಟಿತು. 1971ರಲ್ಲಿ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಹಲವು ದಿಕ್ಕುಗಳಿಂದ ತೆಗೆದ ಕ್ಷ-ಕಿರಣ ನೆರಳುಗಳಿಂದ ಒಂದು ವಸ್ತುವಿನ ಒಳಚಿತ್ರವನ್ನು ಪುನಃ ರಚಿಸುವ ಸುಲಭವಾದ ಲೆಕ್ಕದ ವಿಧಾನವನ್ನು ಪ್ರಕಟಿಸಿದರು. ಆಸ್ಪತ್ರೆಗಳಲ್ಲಿ ಬಳಸುವ ಸಿ.ಟಿ. ಸ್ಕ್ಯಾನ್ ಯಂತ್ರಗಳ ಲೆಕ್ಕಾಚಾರಕ್ಕೆ ಈ ವಿಧಾನ ನೆರವಾಯಿತು. ಶ್ವಾಸಕೋಶದ ಆಳದಲ್ಲಿ ಅಡಗಿದ ಕ್ಷಯದ ಗಾಯವನ್ನು ವೈದ್ಯರು ಆ ಯಂತ್ರದಲ್ಲಿ ಇಂದು ಕಾಣಬಲ್ಲರು.

ಅದೇ 1971ರಲ್ಲಿ, ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮಚಂದ್ರನ್ ಅವರು ಅಣುಜೀವಭೌತ ವಿಭಾಗವನ್ನು ಕಟ್ಟಿದರು. ವಿದ್ಯಾರ್ಥಿಯಾಗಿ ಕಾಲಿಟ್ಟ ಅಂಗಳಕ್ಕೆ ಅವರು ಗುರುವಾಗಿ ಹಿಂದಿರುಗಿದ್ದರು. ಆ ವಿಭಾಗಕ್ಕೆ ಬಂದ ತರುಣರಲ್ಲಿ ಎಂ. ವಿಜಯನ್ ಒಬ್ಬರು. ಅದೇ ಸಂಸ್ಥೆಯಲ್ಲಿ ಎಂ. ಎ. ವಿಶ್ವಾಮಿತ್ರ ಅವರ ಶಿಷ್ಯರಾಗಿ ಸ್ಫಟಿಕವಿಜ್ಞಾನವನ್ನು ಕಲಿತ ವಿಜಯನ್, ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಅವರ ತಂಡದಲ್ಲಿ ಇನ್ಸುಲಿನ್ ರಚನೆಯನ್ನು ಬಿಡಿಸುವ ಕೆಲಸದಲ್ಲಿ ಪಾಲ್ಗೊಂಡಿದ್ದರು. ಬೆಂಗಳೂರಿನಲ್ಲಿ ಪ್ರೋಟೀನು ಸ್ಫಟಿಕವಿಜ್ಞಾನ ಬೇರು ಬಿಡಲು ಎರಡು ದಶಕಗಳೇ ಬೇಕಾದವು. ಕಡಲೆಕಾಯಿಯಲ್ಲಿರುವ ಒಂದು ಪ್ರೋಟೀನಿನ ರಚನೆಯನ್ನು ವಿಜಯನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ಬಳಿಕ ಅವರು ಕ್ಷಯರೋಗದ ಬ್ಯಾಕ್ಟೀರಿಯಾದ ಕಡೆಗೆ ತಿರುಗಿದರು. ತನ್ನ ಡಿ.ಎನ್.ಎ.ಗೆ ಆದ ಹಾನಿಯನ್ನು ಸರಿಪಡಿಸಿಕೊಳ್ಳಲು ಆ ಬ್ಯಾಕ್ಟೀರಿಯಾಗೆ ನೆರವಾಗುವ ಒಂದು ಪ್ರೋಟೀನಿನ ರಚನೆಯನ್ನು 2000ದಲ್ಲಿ ಬೆಂಗಳೂರಿನಿಂದಲೇ ಹೊರತಂದರು. ಹೀಗೆ ರಾಮಚಂದ್ರನ್ ನೆಟ್ಟ ಸಸಿಯ ಒಂದು ಕೊಂಬೆ ಕ್ಷಯರೋಗದ ಕಡೆಗೆ ಚಾಚಿತು.

ರಾಮಚಂದ್ರನ್ ಅವರಿಗೆ 1961ರಲ್ಲಿ ಭಟ್ನಾಗರ್ ಪ್ರಶಸ್ತಿ ದೊರೆಯಿತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. 1999ರಲ್ಲಿ ಸ್ಫಟಿಕವಿಜ್ಞಾನದ ಅತ್ಯುನ್ನತ ಗೌರವವಾದ ಎವಾಲ್ಡ್ ಪಾರಿತೋಷಕ ಸಂದಿತು. ನೊಬೆಲ್ ಪಾರಿತೋಷಕ ಮಾತ್ರ ಅವರನ್ನು ಅರಸಿ ಬರಲಿಲ್ಲ. ಕರ್ನಾಟಕ ಸಂಗೀತ ಅವರಿಗೆ ಪ್ರಿಯವಾಗಿತ್ತು. ಕೊನೆಯ ವರ್ಷಗಳಲ್ಲಿ ಅವರು ಜೈನರ ಸ್ಯಾದ್ವಾದದ ತರ್ಕವನ್ನು ಗಣಿತದ ಭಾಷೆಯಲ್ಲಿ ಹೇಳಲು ಪ್ರಯತ್ನಿಸಿದರು. 1945ರಲ್ಲಿ ಅವರ ಕೈಹಿಡಿದಿದ್ದ ಪತ್ನಿ ರಾಜಲಕ್ಷ್ಮಿ ಅವರು 1998ರಲ್ಲಿ ತೀರಿಕೊಂಡರು. ರಾಮಚಂದ್ರನ್ ಅವರ ದೇಹವೂ ಪಾರ್ಕಿನ್ಸನ್ ರೋಗದಿಂದ ಜರ್ಜರಿತವಾಗಿತ್ತು. 2001ನೆಯ ಇಸವಿ ಏಪ್ರಿಲ್ 7ರಂದು ಅವರು ಚೆನ್ನೈಯಲ್ಲಿ ನಿಧನರಾದರು.

ಅವರ ನಕ್ಷೆಯ ಕೆಲಸ ಮಾತ್ರ ಮುಗಿಯಲಿಲ್ಲ. ಕ್ಷಯರೋಗದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ 1882ರಲ್ಲಿಯೇ ಗುರುತಿಸಿದ್ದರೂ, ಮೊದಲ ಸಮರ್ಥ ಔಷಧವಾದ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. 1952ರಲ್ಲಿ ಐಸೋನಿಯಾಜಿಡ್ ಬಂದಿತು. ರಾಮಚಂದ್ರನ್ ಮದರಾಸಿನಲ್ಲಿ ಕೊಲ್ಯಾಜೆನ್ನಿನ ಎಳೆಗಳನ್ನು ಬಿಡಿಸುತ್ತಿದ್ದ ಕಾಲದಲ್ಲಿಯೇ, 1956ರಲ್ಲಿ, ಅದೇ ನಗರದಲ್ಲಿ ಕ್ಷಯರೋಗ ಚಿಕಿತ್ಸಾ ಸಂಶೋಧನ ಕೇಂದ್ರ ಆರಂಭವಾಗಿ, ಬಡ ರೋಗಿಗಳಿಗೆ ಮನೆಯಲ್ಲಿಯೇ ಔಷಧ ಕೊಟ್ಟು ಗುಣಪಡಿಸಬಹುದೆಂದು ತೋರಿಸಿಕೊಟ್ಟಿತು. ಆದರೆ ಬ್ಯಾಕ್ಟೀರಿಯಾ ಸುಮ್ಮನೆ ಕೂರಲಿಲ್ಲ. ಔಷಧವನ್ನು ಅರ್ಧಕ್ಕೆ ಬಿಟ್ಟವರ ದೇಹದಲ್ಲಿ ಅದು ಔಷಧಗಳಿಗೆ ಜಗ್ಗದ ಶಕ್ತಿಯನ್ನು ಪಡೆಯಿತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಭಾರತದಲ್ಲಿಯೇ ಇದ್ದಾರೆ. ಆದುದರಿಂದ ಹೊಸ ಔಷಧಗಳ ಅಗತ್ಯ ನಮಗೆ ದೂರದ ಮಾತಲ್ಲ.

ಇಲ್ಲಿಯೇ ಕೋಟೆಯ ಬಾಗಿಲುಗಳ ವಿಚಾರ ಮತ್ತೆ ಬರುತ್ತದೆ. ಬ್ಯಾಕ್ಟೀರಿಯಾದ ಒಳಪೊರೆಯಲ್ಲಿರುವ ಪ್ರೋಟೀನುಗಳು ಸಾಮಾನ್ಯವಾಗಿ ಸುರುಳಿಗಳ ಕಟ್ಟಾಗಿರುತ್ತವೆ. ಒಂದೊಂದು ಸುರುಳಿಯೂ ಸುಮಾರು ಇಪ್ಪತ್ತು ಅಮೈನೋ ಆಮ್ಲಗಳಷ್ಟು ಉದ್ದವಾಗಿ ಪೊರೆಯನ್ನು ಕಂಬದಂತೆ ದಾಟಿ ನಿಲ್ಲುತ್ತದೆ. ಎಂ.ಎಂ.ಪಿ.ಎಲ್.3 ಎಂಬ ಬಾಗಿಲಿನಲ್ಲಿ ಇಂಥ ಹನ್ನೆರಡು ಕಂಬಗಳಿವೆ. ಹೊರಗೋಡೆಗೆ ಬೇಕಾದ ಮೇಣದ ವಸ್ತು ಕೋಶದ ಒಳಗೆ ತಯಾರಾದ ಮೇಲೆ ಈ ಬಾಗಿಲಿನ ಮೂಲಕವೇ ಹೊರಕ್ಕೆ ಸಾಗುತ್ತದೆ. ಅದನ್ನು ಸಾಗಿಸುವ ಶಕ್ತಿ ಬರುವುದು ಹೊರಗಿನಿಂದ ಒಳಕ್ಕೆ ಹರಿಯುವ ಪ್ರೋಟಾನುಗಳಿಂದ. ನೀರಿನ ರಭಸದಿಂದ ಗಿರಣಿ ತಿರುಗುವಂತೆ ಇದು. ಬಾಗಿಲು ಮುಚ್ಚಿದರೆ ಗೋಡೆ ಕಟ್ಟುವ ಕೆಲಸ ನಿಲ್ಲುತ್ತದೆ. ಗೋಡೆಯಿಲ್ಲದೆ ಬ್ಯಾಕ್ಟೀರಿಯಾ ಬದುಕಲಾರದು. 2019ರಲ್ಲಿ ಚೀನದ ವಿಜ್ಞಾನಿಗಳು, ಕ್ಷಯದ ಬ್ಯಾಕ್ಟೀರಿಯಾಗೆ ಹತ್ತಿರದ ಸಂಬಂಧಿಯಾದ ಒಂದು ನಿರುಪದ್ರವಿ ಬ್ಯಾಕ್ಟೀರಿಯಾದಿಂದ ಈ ಬಾಗಿಲನ್ನು ತೆಗೆದು ಅದರ ರಚನೆಯನ್ನು ಬಿಡಿಸಿದರು. ಔಷಧವಾಗಬಹುದೆಂದು ಪರೀಕ್ಷೆಯಲ್ಲಿದ್ದ ಒಂದು ವಸ್ತು ಆ ಕಂಬಗಳ ನಡುವೆ, ಪ್ರೋಟಾನುಗಳು ಹರಿಯುವ ಕಾಲುವೆಯಲ್ಲಿಯೇ, ಬೆಣೆಯಂತೆ ಕುಳಿತಿರುವುದು ಅವರಿಗೆ ಕಂಡುಬಂದಿತು. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಈಗ ಭಾರತದಲ್ಲಿಯೂ ಬಳಕೆಯಲ್ಲಿರುವ ಬೆಡಾಕ್ವಿಲಿನ್ ಎಂಬ ಔಷಧವೂ, ಅದೇ ಪೊರೆಯಲ್ಲಿ ಪ್ರೋಟಾನುಗಳ ಹರಿವಿನಿಂದ ತಿರುಗುವ ಇನ್ನೊಂದು ಪ್ರೋಟೀನು ಯಂತ್ರವನ್ನು ತಡೆಹಿಡಿದು ರೋಗಾಣುವಿನ ಶಕ್ತಿಯ ಮೂಲವನ್ನೇ ಬತ್ತಿಸುತ್ತದೆ.

ಇಂಥ ಒಂದೊಂದು ರಚನೆಯನ್ನು ಬಿಡಿಸುವಾಗಲೂ ವಿಜ್ಞಾನಿಗೆ ಕಾಣುವುದು ಮಸುಕಾದ ಚಿತ್ರ. ಅದರಲ್ಲಿ ಸರವನ್ನು ಹೊಂದಿಸುವಾಗ ತಪ್ಪಾಗುವುದು ಸಹಜ. ತಪ್ಪು ಬೀಗವನ್ನು ನಂಬಿ ಕೀಲಿಕೈ ಮಾಡಿದರೆ ವರ್ಷಗಳ ದುಡಿಮೆಯೂ, ರೋಗಿಗಳ ಆಸೆಯೂ ವ್ಯರ್ಥವಾಗುತ್ತವೆ. ಆದುದರಿಂದ ರಚನೆಯ ಪ್ರತಿಯೊಂದು ಮಣಿಯ ಎರಡು ಕೋನಗಳನ್ನೂ ಅಳೆದು ರಾಮಚಂದ್ರನ್ ನಕ್ಷೆಯ ಮೇಲೆ ಚುಕ್ಕೆಯಾಗಿ ಇಡುತ್ತಾರೆ. ಚುಕ್ಕೆಗಳು ದ್ವೀಪಗಳ ಮೇಲೆ ಬಿದ್ದರೆ ನೆಮ್ಮದಿ. ಹಲವು ಚುಕ್ಕೆಗಳು ಕಡಲಿಗೆ ಬಿದ್ದರೆ ಎಲ್ಲಿಯೋ ತಪ್ಪಿದೆಯೆಂದು ತಿಳಿದು ಮತ್ತೆ ಹುಡುಕುತ್ತಾರೆ.

ರಾಮಚಂದ್ರನ್ ಈ ನಕ್ಷೆಯನ್ನು ಬರೆಯಲು ಕಾರಣವಾದದ್ದು, ಅವರ ರಚನೆ ತಪ್ಪೆಂದು ಇತರರು ಮಾಡಿದ ಆಕ್ಷೇಪ. ಆ ಆಕ್ಷೇಪಕ್ಕೆ ಅವರು ಕಟುವಾದ ಮಾತಿನಿಂದ ಉತ್ತರ ಕೊಟ್ಟು ಸುಮ್ಮನಾಗಿದ್ದರೆ ಅದು ಅಂದಿಗೇ ಮುಗಿಯುತ್ತಿತ್ತು. ಅವರು ಅಳತೆಗೋಲನ್ನು ಕೈಗೆತ್ತಿಕೊಂಡರು. ತಮ್ಮ ರಚನೆಯನ್ನು ಪರೀಕ್ಷಿಸಲು ಅಂದು ಸಿದ್ಧಗೊಳಿಸಿದ ಆ ಅಳತೆ ಇಂದು ಎಲ್ಲರ ರಚನೆಯನ್ನೂ ಪರೀಕ್ಷಿಸುತ್ತಿದೆ. ತಾವೆಂದೂ ಕಾಣದ ರೋಗಿಗಳ ಔಷಧಕ್ಕೂ ಅದು ದಾರಿ ತೋರುತ್ತಿದೆ.